ಅಂಗೈಯಗಲ ಹಿಂದಕ್ಕೆ

ಭಾವ ತೀರಿಕೊಂಡಾಗ ಅಕ್ಕ ಅಳಲಿಲ್ಲ. ಒಂದು ತೊಟ್ಟೂ ಇಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಹೊರಟವರಿಗೆ ಚಪ್ಪಲಿ ಎಲ್ಲಿದೆ ಎಂದು ತೋರಿಸಿದಳು, ಆಸ್ಪತ್ರೆಗೆ ಒಯ್ಯುತ್ತಿದ್ದ ಫ್ಲಾಸ್ಕನ್ನು ತೊಳೆದು ಬೋರಲು ಹಾಕಿದಳು. ಗಟ್ಟಿ ಹೆಂಗಸು ಎಂದು ಹೊಗಳಿ ಹೋದವರಿದ್ದರು, ಕಲ್ಲು ಎಂದು ಬೈದು ಹೋದವರೂ ಇದ್ದರು. ಎರಡೂ ಪಂಗಡದವರಿಗೆ ಟೀ ಮಾಡಿಕೊಟ್ಟು ನನ್ನ ಕೈ ಸೋತುಹೋಯಿತು. ನನಗೂ ಅಳು ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಹಳ ಹೊತ್ತು ಮಡಚಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ನನ್ನ ಎದೆಗೆ ಹಾಗೆ ಜೋಮು ಹಿಡಿದಿತ್ತು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ.

ಜನ ಕರಗಿದ ಮೇಲೆ ಭಾವನ ತಮ್ಮ ಅಕ್ಕನನ್ನು ಕೇಳಿದ. "ಅತ್ತಿಗೆ, ಅಣ್ಣಂದು ಒಂದು ಒಳ್ಳೆ ಫೋಟೊ ಕೊಡಿ. ದೊಡ್ಡದು ಮಾಡ್ಸಿ, ಫ್ರೇಮ್ ಹಾಕ್ಸಿ ತರ್ತೀನಿ."

ಕೇಳಬೇಕಾದ ಮಾತೇ ಕೇಳಿದ. ಆದರೆ ಆ ಮನೆಯಲ್ಲಿ ಭಾವನ ಫೋಟೊ ಇರಲಿಲ್ಲ. ಹೆಂಡತಿ ಫೋಟೊಗ್ರಾಫರ್, ಗಂಡ ಕ್ಯಾಮೆರಾ ರಿಪೇರಿಯವರು, ಮುಂದಿನ ಕೋಣೆಯೇ ಅಂಗಡಿ, ಮನೆಯಲ್ಲಿ ಎಲ್ಲಿ ಕೈ ಹಾಕಿದರೂ ಒಂದು ಕ್ಯಾಮೆರಾ ಸಿಗುತ್ತಿತ್ತು. ಫೋಟೊ ಮಾತ್ರ ಇಲ್ಲ. ಅಕ್ಕ ಕ್ಯಾಮೆರಾ ಎತ್ತಿದರೆ ಸಾಕು, ಭಾವ ಬೆನ್ನು ತಿರುಗಿಸುತ್ತಿದ್ದರು. "ಈ ಮುಖಕ್ಕೆ ಯಾಕೆ ಫಿಲಂ ದಂಡ ಮಾಡ್ತೀಯ?" ಎನ್ನುತ್ತಿದ್ದರು. ಮದುವೆಯದೊಂದು ಫೋಟೊ ಇದೆ. ಅದರಲ್ಲಿ ಅವರು ಹೆಂಡತಿಯನ್ನೂ ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಫೋಟೊ ತೆಗೆಯುತ್ತಿದ್ದವನ ಕ್ಯಾಮೆರಾದಲ್ಲಿ ಯಾವುದೋ ಸ್ಕ್ರೂ ಸಡಿಲವಾಗಿದೆ ಎಂದು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಾರೆ. ಗುರುತಿನ ಚೀಟಿಯಲ್ಲಿ ಇನ್ನೊಂದಿದೆ, ಅದನ್ನು ದೊಡ್ಡದು ಮಾಡಿಸಿದರೆ ಪೊಲೀಸರು ಹುಡುಕುತ್ತಿರುವವರ ಹಾಗೆ ಕಾಣುತ್ತದೆ.

"ಇದೆ, ಕ್ಯಾಮೆರಾದೊಳಗಿದೆ. ರೋಲು ತೊಳೀಬೇಕು" ಎಂದಳು ಅಕ್ಕ.

ಆ ರೋಲು ನನಗೂ ಗೊತ್ತಿತ್ತು. ಅದನ್ನು ತೆಗೆಯುವಾಗ ನಾನು ಅಲ್ಲೇ ಕೂತಿದ್ದೆ. ಭಾವ ಒಪ್ಪಿ, ಎದುರು ಕೂತು, ಮುಖ ಕೊಟ್ಟು ತೆಗೆಸಿಕೊಂಡ ಒಂದೇ ಒಂದು ರೋಲು ಅದು. ಆ ಮುಖ ಇನ್ನು ಎಲ್ಲಾದರೂ ಉಳಿದಿದ್ದರೆ ಅದರಲ್ಲೇ ಉಳಿಯಬೇಕು.

ಅಕ್ಕನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ನಾಟಕದ ಫೋಟೊ ತೆಗೆಯುವವಳು. ನಾನು ಅದೇ ತಂಡಕ್ಕೆ ಬಟ್ಟೆ ಹೊಲಿಯುವವಳು. ರಾಜನ ಅಂಗಿಗೂ ಸೇವಕನ ಅಂಗಿಗೂ ಗುಂಡಿ ಹಾಕುವುದು ನಾನೇ. ಅಕ್ಕ ಫ್ಲ್ಯಾಶ್ ಹಾಕುತ್ತಿರಲಿಲ್ಲ. ನಾಟಕ ನಡೆಯುವಾಗ ಪಳ್ಳನೆ ಬೆಳಕು ಬಿಟ್ಟರೆ ನಟರು ಮಾತು ಮರೆಯುತ್ತಾರೆ, ಮುಂದಿನ ಸಾಲಿನವರು ಶಾಪ ಹಾಕುತ್ತಾರೆ. ಅವಳ ಕ್ಯಾಮೆರಾಕ್ಕೆ ಸದ್ದೂ ಇರಲಿಲ್ಲ, ನಾಲಿಗೆಯಲ್ಲಿ ಲೊಚಗುಟ್ಟಿದಷ್ಟು ಮಾತ್ರ. ಬರಿಗಾಲಲ್ಲಿ ರಂಗದ ಅಂಚಿಗೆ ಬಂದು, ತೆಗೆದು, ಹೋಗಿಬಿಡುತ್ತಿದ್ದಳು. ತಂಡದವರು ಅವಳನ್ನು ಬೆಕ್ಕಕ್ಕ ಎಂದು ಕರೆಯುತ್ತಿದ್ದರು.

ಇದೆಲ್ಲ ನಡೆಯುತ್ತಿದ್ದದ್ದು ಒಂದು ಲೆನ್ಸಿನಿಂದ. ಗಿಡ್ಡ, ಭಾರದ ಲೆನ್ಸು, ಹಿಡಿಯೊಳಗೆ ಅಡಗುತ್ತದೆ. ಅದರ ನೋಟ ಅಗಲ: ನಟನಿಂದ ಎರಡು ಮೊಳ ದೂರದಲ್ಲಿ ಕೂತರೂ ಅವನ ಮುಖದ ಜೊತೆಗೆ ಅರ್ಧ ರಂಗ ಬಂದುಬಿಡುತ್ತದೆ. ಬಾಯಿ ಇನ್ನೂ ಅಗಲ: ಪೂರ್ತಿ ತೆರೆದರೆ ಒಂದು ಬಡ ಬಲ್ಬಿನ ಬೆಳಕೂ ಸಾಕು. "ನಿಮ್ಮಕ್ಕನ ಬಾಯಿ ಚಿಕ್ಕದು, ಅವಳ ಲೆನ್ಸಿನ ಬಾಯಿ ದೊಡ್ಡದು. ನಿನಗೆ ಲೆನ್ಸೇ ಬೇಡ" ಎಂದು ಭಾವ ನನ್ನನ್ನು ರೇಗಿಸುತ್ತಿದ್ದರು.

ಅಷ್ಟು ಅಗಲ ತೆರೆದರೆ ಒಂದು ತೊಂದರೆ ಇದೆ. ಫೋಕಸ್ ಎಲ್ಲಿ ಬಿತ್ತೋ ಅಷ್ಟೇ ಚೊಕ್ಕ, ಅದರ ಹಿಂದುಮುಂದು ಎಲ್ಲ ಮಸುಕು. ಮೇಲಾಗಿ ಅವಳದು ರೇಂಜ್‌ಫೈಂಡರ್ ಕ್ಯಾಮೆರಾ. ಅದರಲ್ಲಿ ಲೆನ್ಸಿನ ಮೂಲಕ ನೋಡುವ ಹಾಗಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ, ಕಿಟಕಿಯ ನಡುವೆ ಒಂದು ಹಳದಿ ಚೌಕ. ಆ ಚೌಕದಲ್ಲಿ ಎದುರಿನವರು ಇಬ್ಬಿಬ್ಬರಾಗಿ ಕಾಣುತ್ತಾರೆ. ಲೆನ್ಸಿನ ಉಂಗುರ ತಿರುಗಿಸಿ ಇಬ್ಬರನ್ನೂ ಒಬ್ಬರಾಗಿಸಬೇಕು. ಆಗ ಫೋಕಸ್ ಸರಿಯಾಯಿತು ಎಂದು ಲೆಕ್ಕ. ಕಿಟಕಿ ಒಂದು ಹೇಳಿ, ಲೆನ್ಸು ಇನ್ನೊಂದು ಮಾಡಿದರೆ? ತೆಗೆಯುವಾಗ ಗೊತ್ತೇ ಆಗುವುದಿಲ್ಲ, ರೋಲು ತೊಳೆದ ಮೇಲೆ ಗೊತ್ತಾಗುತ್ತದೆ. ಇವೆರಡಕ್ಕೂ ಹೊಂದಾಣಿಕೆ ಮಾಡುವುದು ಲೆನ್ಸಿನ ಹಿಂದೆ ಕೂರುವ ಒಂದು ತೆಳ್ಳನೆಯ ಹಿತ್ತಾಳೆ ಬಳೆ. ಉಗುರಿಗಿಂತ ತೆಳು. ಅದನ್ನು ಉಜ್ಜಿ, ಕೂರಿಸಿ, ಮತ್ತೆ ತೆಗೆದು ಉಜ್ಜಿ ಸರಿ ಮಾಡುವುದು ಭಾವನ ಕೆಲಸ. ಅವರು ಸರಿ ಮಾಡಿ ಕೊಟ್ಟದ್ದನ್ನು ಅಕ್ಕ ಯಾವತ್ತೂ ಪರೀಕ್ಷೆ ಮಾಡಿ ನೋಡಿದವಳಲ್ಲ. ಬೇರೆ ಗಿರಾಕಿಗಳು ಒಂದು ರೋಲು ಹಾಕಿ ನೋಡಿಕೊಂಡು ಹೋಗುತ್ತಿದ್ದರು, ಅವಳು ಸೀದಾ ನಾಟಕಕ್ಕೆ ಹೋಗುತ್ತಿದ್ದಳು. ಆ ಮನೆಯ ರೂಢಿಯೇ ಹಾಗೆ.

ಹೋದ ವರ್ಷ ಲೆನ್ಸಿನ ಉಂಗುರ ಬಿಗಿಯಾಯಿತೆಂದು ಭಾವ ಅದನ್ನು ಪೂರ್ತಿ ಬಿಚ್ಚಿ ಎಣ್ಣೆ ಬದಲಾಯಿಸಿದರು. ಆ ಹೊತ್ತಿಗೆ ಅವರ ಕೈ ನಡುಗಲು ಶುರುವಾಗಿತ್ತು. ಟೀ ಕೊಟ್ಟರೆ ಸಾಸರಿನ ಮೇಲೆ ಕಪ್ಪು ಕಟಕಟ ಅನ್ನುತ್ತಿತ್ತು. ಅದಕ್ಕೆ ಅವರು ಸಾಸರ್ ಬೇಡ ಎಂದರು, ಅಷ್ಟೆ. ಕೈಯ ವಿಷಯ ಅವರೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ.

ಮುಂದಿನ ನಾಟಕದ ಫೋಟೊಗಳಲ್ಲಿ ನಟಿಯ ಕಣ್ಣು ಮಸುಕು, ಕಿವಿಯೋಲೆ ಮಾತ್ರ ಫಳಫಳ. ಎಲ್ಲ ಫೋಟೊಗಳಲ್ಲೂ ಹಾಗೇ. ಕಣ್ಣಿಗೆ ಹಿಡಿದ ಫೋಕಸ್ ಅಂಗೈಯಗಲ ಹಿಂದೆ ಹೋಗಿ ಕೂತಿತ್ತು. ನಿರ್ದೇಶಕರು ಸಭ್ಯರು, "ಈ ಸಲ ಕಿವಿ ಚೆನ್ನಾಗಿ ಬಂದಿದೆ" ಎಂದರು.

ಅಕ್ಕ ಫೋಟೊಗಳನ್ನೆಲ್ಲ ತಂದು ನನ್ನ ಹೊಲಿಗೆ ಯಂತ್ರದ ಡ್ರಾಯರಿನೊಳಗೆ ಇಟ್ಟಳು.

"ಅವರ ಕಣ್ಣಿಗೆ ಬೀಳಬಾರದು ಕಣೇ."

"ಬಿದ್ರೆ ಏನಾಗತ್ತೆ? ಬಳೆ ಸರಿಯಾಗಿ ಕೂತಿಲ್ಲ ಅಂತ ಹೇಳು. ಮತ್ತೆ ಕೂರಿಸ್ತಾರೆ."

"ಯಾವ ಕೈಯಲ್ಲಿ ಕೂರಿಸ್ತಾರೆ?"

ಬೇರೆ ಯಾರ ಕೈಯಲ್ಲಾದರೂ ಮಾಡಿಸು ಎಂದೆ. ಊರಲ್ಲಿ ಈ ಕೆಲಸ ಮಾಡುವವರು ಬೇರೆ ಯಾರೂ ಇಲ್ಲ, ಇದ್ದರೂ ತನ್ನ ಗಂಡ ಬದುಕಿರುವಾಗ ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದಳು. ಭಾವನಿಗೆ ಹೇಳಬಾರದೆಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಹಾಕಿಸಿಕೊಂಡಳು. ಆಮೇಲೆ ತನ್ನದೇ ಒಂದು ಉಪಾಯ ಮಾಡಿದಳು. ಕಿಟಕಿಯಲ್ಲಿ ನೋಡಿ ಇಬ್ಬರನ್ನು ಒಬ್ಬರಾಗಿಸುವುದು, ಒತ್ತುವ ಮುಂಚೆ ಮೈಯನ್ನು ಅಂಗೈಯಗಲ ಹಿಂದಕ್ಕೆ ವಾಲಿಸುವುದು. ಕಿವಿಗೆ ಹೋಗುತ್ತಿದ್ದ ಫೋಕಸ್ ಆಗ ಸರಿಯಾಗಿ ಕಣ್ಣಿಗೆ ಬರುತ್ತದೆ. ಮನೆಯಲ್ಲಿ ನಾನು ಗೊಂಬೆಯ ಹಾಗೆ ಕೂತೆ, ಅವಳು ವಾಲಿ ವಾಲಿ ಕಲಿತಳು. ಒಂದೆರಡು ನಾಟಕ ಆಗುವಷ್ಟರಲ್ಲಿ ಮೈಗೆ ಹತ್ತಿಬಿಟ್ಟಿತು. ಫೋಟೊಗಳು ಮೊದಲಿನ ಹಾಗೇ ಬಂದವು. ತಂಡದವರು ಮಾತ್ರ ನಕ್ಕರು. "ಬೆಕ್ಕಕ್ಕ ಈಗೀಗ ನಮ್ಮನ್ನ ನೋಡಿ ಹೆದರ್ಕೋತಾಳೆ, ಕ್ಲಿಕ್ ಮಾಡೋಕೆ ಮುಂಚೆ ಹಿಂದಕ್ಕೆ ಸರೀತಾಳೆ."

ಒಂದು ದಿನ ತಾಲೀಮಿನ ಹೊತ್ತಿಗೆ ಭಾವ ಬಂದರು. ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲೇ ರಂಗಮಂದಿರ. ಹಿಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲಿ, ಕೈಯಲ್ಲಿ ಔಷಧಿ ಚೀಲ ಹಿಡಿದು ಕೂತು ಬಹಳ ಹೊತ್ತು ನೋಡಿದರು. ನಾಟಕ ನೋಡುತ್ತಿದ್ದಾರೆ ಎಂದುಕೊಂಡು ನಾನು ನನ್ನ ಪಾಡಿಗೆ ಕಾಜಾ ಹೊಲಿಯುತ್ತಿದ್ದೆ. ಆಮೇಲೆ ಎದ್ದು ಹೋದರು.

ಆ ವಾರವೇ ಅವರು ಅಕ್ಕನಿಂದ ಲೆನ್ಸು ಇಸಿದುಕೊಂಡರು. "ಒಳಗೆ ಬೂಷ್ಟು ಬಂದಿದೆಯಾ ನೋಡ್ತೀನಿ, ಸುಮ್ನೆ ಒರೆಸಿ ಕೊಡ್ತೀನಿ" ಎಂದರು. ಬೇಡ ಅನ್ನುವ ಹಾಗಿರಲಿಲ್ಲ. ಎರಡು ದಿನ ಬಿಟ್ಟು ವಾಪಸ್ ಕೊಟ್ಟರು. ಅಷ್ಟರಲ್ಲಿ ಕಾಯಿಲೆ ಜೋರಾಯಿತು. ಅಕ್ಕ ನಾಟಕಕ್ಕೆ ಹೋಗುವುದನ್ನು ಬಿಟ್ಟಳು. ಲೆನ್ಸು ಕ್ಯಾಮೆರಾಕ್ಕೆ ಸಿಕ್ಕಿಕೊಂಡು ಮೊಳೆಗೆ ನೇತಾಡುತ್ತಿತ್ತು.

ಆಸ್ಪತ್ರೆಯಲ್ಲಿ ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ, ಒಂದು ಮಧ್ಯಾಹ್ನ ಭಾವನೇ ಕೇಳಿದರು. ಬೆತ್ತದ ಕುರ್ಚಿಯಲ್ಲಿ ದಿಂಬು ಒತ್ತಿಟ್ಟು ಕೂರಿಸಿದ್ದೆವು. ಬೆಳಕು ಕಣ್ಣು ಚುಚ್ಚುತ್ತದೆ ಎಂದು ಪರದೆ ಎಳೆದಿತ್ತು.

"ಕ್ಯಾಮೆರಾ ತಗೊಂಡು ಬಾ. ನಂದೊಂದು ತೆಗಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಬಾಯಿಗೆ ಬಂದದ್ದು ಅಂದೆ. "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಭಾವ?"

"ಯಾವ ಕಡೆನಾದ್ರೂ ಹುಟ್ಲಿ, ಪರದೆ ತೆಗೀಬೇಡಿ. ಈ ಬೆಳಕೇ ಸಾಕು, ಪೂರ್ತಿ ತೆರೆದು ತೆಗಿ. ಹತ್ರ ಬಾ, ಹತ್ರ."

ಮೊಣಕೈಗಳನ್ನು ಕುರ್ಚಿಯ ತೋಳಿಗೆ ಊರಿದರು. ಎರಡೂ ಕೈಯ ಬೆರಳು ಹೆಣೆದು ಗಲ್ಲದ ಮುಂದೆ ಹಿಡಿದರು, ಹಾಗೆ ಹಿಡಿದರೆ ನಡುಕ ನಿಲ್ಲುತ್ತಿತ್ತು. ಅಕ್ಕ ಎದುರಿಗೆ ನೆಲದಲ್ಲಿ ಮಂಡಿಯೂರಿ ಕೂತು ಕಿಟಕಿಗೆ ಕಣ್ಣಿಟ್ಟಳು, ಉಂಗುರ ತಿರುಗಿಸಿದಳು, ಉಸಿರು ಎಳೆದುಕೊಳ್ಳುವ ನೆಪದಲ್ಲಿ ಮೆಲ್ಲಗೆ ಹಿಂದಕ್ಕೆ ವಾಲಿದಳು.

"ಅಲ್ಲಾಡ್ಬೇಡ" ಎಂದರು ಭಾವ.

ನಾವಿಬ್ಬರೂ ನಕ್ಕುಬಿಟ್ಟೆವು. "ಅದು ನಾನು ಹೇಳೋ ಮಾತು ರೀ. ಫೋಟೊ ತೆಗೆಸ್ಕೊಳ್ಳೋರು ಹೇಳೋದಲ್ಲ" ಎಂದಳು ಅಕ್ಕ.

"ಇದ್ದಲ್ಲೇ ಇರು ಅಂದೆ."

"ಆಯ್ತು ಮಹಾರಾಯ್ರೇ, ನೀವು ಅಲ್ಲಾಡ್ಬೇಡಿ ಸಾಕು."

ಭಾವ ಇನ್ನೇನೋ ಹೇಳುವುದಕ್ಕೆ ಬಾಯಿ ತೆರೆದು ಮುಚ್ಚಿಕೊಂಡರು. ಆಮೇಲೆ ಅವಳನ್ನೇ ನೋಡುತ್ತ ಕೂತರು, ರೋಲು ಮುಗಿಯುವವರೆಗೆ. ನನಗೆ ನೆನಪಿರುವುದು ಆ ನೋಟ. ಮದುವೆ ಫೋಟೊದಲ್ಲಿ ಇಲ್ಲದ್ದು ಇದರಲ್ಲಿ ಬಂತಲ್ಲ ಎಂದು ಒಳಗೇ ಖುಷಿಪಟ್ಟೆ. ಅದಾಗಿ ವಾರ ಕಳೆಯುವಷ್ಟರಲ್ಲಿ ಅವರು ಹೋದರು.

ಮೈದುನ ಎರಡನೆಯ ಸಲ ಬಂದು ಕೇಳಿದ ದಿನ ಅಕ್ಕ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ರೋಲು ತೊಳೆದಳು. ಒಣಗುವುದಕ್ಕೂ ಬಿಡದೆ ಹೊರಗೆ ತಂದು ಕಿಟಕಿಗೆ ಹಿಡಿದಳು. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಭಾವ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿಯನ್ನು ತನ್ನ ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ನೋಡುತ್ತ ಬಂದಳು. ಫಿಲಮಿನಿಂದ ನೀರು ನನ್ನ ಮೊಣಕೈಗೆ ಇಳಿಯುತ್ತಿತ್ತು.

"ಮುಖ ಬಂದಿಲ್ಲ" ಎಂದಳು.

"ಯಾವುದ್ರಲ್ಲಿ?"

"ಯಾವುದ್ರಲ್ಲೂ."

ನಾನೂ ನೋಡಿದೆ. ಹೆಣೆದ ಬೆರಳುಗಳು ಒಂದೊಂದು ಗೆರೆ ಸಮೇತ ಚೊಕ್ಕವಾಗಿ ಬಂದಿದ್ದವು. ಅದರ ಹಿಂದೆ ಮುಖ ಇರಬೇಕಾದ ಕಡೆ ಒಂದು ಮಸುಕು ಇತ್ತು. ಅದು ಯಾರ ಮುಖವೂ ಆಗಬಹುದಿತ್ತು. ಅಕ್ಕ ಭೂತಗನ್ನಡಿ ಒರೆಸಿ ಡಬ್ಬಿಯಲ್ಲಿಟ್ಟು ಅಡುಗೆಮನೆಗೆ ಹೋದಳು. ಅನ್ನಕ್ಕಿಟ್ಟಳು. ನನ್ನನ್ನು ಊಟ ಮಾಡಿಕೊಂಡು ಹೋಗು ಎಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ನನಗೆ ಅದೇ ಭಯವಾಯಿತು.

ಊಟ ಮಾಡುತ್ತ ಅವಳೇ ಶುರು ಮಾಡಿದಳು. "ಮೊದಲು ಹಿಂದೆ ಬೀಳ್ತಿತ್ತು. ಈಗ ಮುಂದೆ ಬಿದ್ದಿದೆ. ಒರೆಸೋಕೆ ಬಿಚ್ಚಿದಾಗ ಬಳೆ ಇನ್ನೊಂದು ಥರ ಕೂತಿರ್ಬೇಕು. ಪಾಪ, ಆ ಕೈಯಲ್ಲಿ."

ಭಾವನ ಹತಾರಗಳನ್ನು ಎದುರು ಸಾಲಿನ ವಾಚ್ ರಿಪೇರಿಯವರಿಗೆ ಕೊಡುವುದೆಂದು ಭಾವನೇ ಹೇಳಿ ಹೋಗಿದ್ದರು. ಮರುದಿನ ಅವನ್ನು ಕೊಡುವುದಕ್ಕೆ ಹೋದಾಗ ಅಕ್ಕ ಕ್ಯಾಮೆರಾವನ್ನೂ ಹಿಡಿದುಕೊಂಡಳು. ನಾನೂ ಜೊತೆಗೆ ಹೋದೆ. ವಾಚಿನವರು ಒಳ್ಳೆಯ ಮನುಷ್ಯ, ಮಾತು ಕಡಿಮೆ. ಭಾವನ ಜೊತೆ ದಿನಾ ಟೀ ಕುಡಿಯುತ್ತಿದ್ದವರು. ಅಂಗಡಿಯ ಗೋಡೆ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು.

"ಇದನ್ನ ಸ್ವಲ್ಪ ನೋಡ್ತೀರಾ? ಫೋಕಸ್ ಮುಂದೆ ಬೀಳ್ತಾ ಇದೆ" ಎಂದಳು ಅಕ್ಕ.

ಅವರು ಕ್ಯಾಮೆರಾದ ಬೆನ್ನು ತೆಗೆದು ಫಿಲಂ ಇರುವ ಜಾಗಕ್ಕೆ ಒಂದು ತುಂಡು ಮಸುಕು ಗಾಜು ಇಟ್ಟರು. ಗೋಡೆಯ ಗಡಿಯಾರವೊಂದರ ಅಂಕಿಗೆ ಹಿಡಿದು, ಕಿಟಕಿಯಲ್ಲಿ ನೋಡಿ ಉಂಗುರ ತಿರುಗಿಸಿದರು. ಆಮೇಲೆ ಹಿಂದಿನಿಂದ ಗಾಜಿನ ಮೇಲೆ ಬಿದ್ದ ಅಂಕಿ ನೋಡಿದರು. ಇನ್ನೊಂದು ಸಲ ಮಾಡಿದರು. ಅಕ್ಕನಿಗೂ ತೋರಿಸಿದರು. ಕಿಟಕಿಯಲ್ಲಿ ಒಂದಾದ ಅಂಕಿ ಗಾಜಿನ ಮೇಲೂ ಚೊಕ್ಕವಾಗಿತ್ತು.

"ಸರಿಯಾಗಿದೆಯಲ್ಲಮ್ಮಾ."

"ಇಲ್ಲ, ಸರಿಯಾಗಿಲ್ಲ. ವರ್ಷದಿಂದ ಸರಿಯಾಗಿಲ್ಲ."

ವಾಚಿನವರು ಕೈ ಒರೆಸಿಕೊಂಡರು. ಹೇಳಲೋ ಬೇಡವೋ ಎಂದು ಒದ್ದಾಡುವುದು ಮುಖದಲ್ಲೇ ಕಾಣುತ್ತಿತ್ತು. "ಹೇಳ್ಬೇಡ ಅಂದಿದ್ರು. ಈಗ ಅವರೇ ಇಲ್ಲ. ಲೆನ್ಸು ಇಲ್ಲಿಗೆ ತಂದಿದ್ರಮ್ಮಾ. ನನ್ನ ಕೈಯಿಂದ ಆಗಲ್ಲ, ನಿನ್ನ ಕೈ ಕೊಡು ಅಂದ್ರು. ನೀವು ಕೂತಿದೀರಲ್ಲ, ಅದೇ ಸ್ಟೂಲಲ್ಲಿ ಕೂತು ಹೇಳ್ತಾ ಹೋದ್ರು, ನಾನು ಮಾಡ್ತಾ ಹೋದೆ. ಬಳೆ ಉಜ್ಜಿ ಉಜ್ಜಿ ಸಾಕಾಯ್ತು ನನಗೆ. ಸರಿ ಬರೋವರೆಗೂ ಬಿಡ್ಲಿಲ್ಲ."

"ಅವರಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದವಳು ನಾನು.

"ನಾಟಕದ ಹತ್ರ ನೋಡಿದ್ರಂತೆ. ಅವಳು ಒತ್ತೋಕೆ ಮುಂಚೆ ಹಿಂದಕ್ಕೆ ವಾಲ್ತಾಳೆ, ನನ್ನ ತಪ್ಪನ್ನ ಬೆನ್ನಲ್ಲಿ ಹೊತ್ಕೊಂಡಿದಾಳೆ ಅಂದ್ರು. ಗೊತ್ತಾಯ್ತು ಅಂತ ಹೇಳಿದ್ರೆ ನೊಂದ್ಕೋತಾಳೆ. ಸುಮ್ನೆ ಸರಿ ಮಾಡಿ ಕೊಟ್ಬಿಡ್ತೀನಿ, ನಂದೇ ಒಂದು ರೋಲು ತೆಗೀಲಿ, ಚೊಕ್ಕ ಬಂದಾಗ ತಾನೇ ತಿಳ್ಕೋತಾಳೆ ಅಂದ್ರು."

ಅಕ್ಕ ಲೆನ್ಸಿನ ಮುಚ್ಚಳ ಹಾಕಿದಳು. ಕ್ಯಾಮೆರಾ ಚೀಲಕ್ಕೆ ಹಾಕಿದಳು. "ಬರ್ತೀನಿ" ಎಂದಳು. ಬೀದಿಗೆ ಬಂದ ಮೇಲೆ, ಕಪ್ಪು ದಾರ ತಗೊಳ್ಳಬೇಕು ಅಂತಿದ್ದೆಯಲ್ಲ, ತಗೊಂಡೆಯಾ ಎಂದು ನನ್ನನ್ನು ಕೇಳಿದಳು.

ನನಗೆ ಸಿಟ್ಟು ಬಂತು. ಇಬ್ಬರ ಮೇಲೂ ಬಂತು. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಬಾಳಿದವರಿಗೆ ಬಾಯಿ ಬಿಟ್ಟು ಒಂದು ಮಾತಾಡಲು ಏನು ಧಾಡಿ? ಲೆನ್ಸು ಕೆಟ್ಟಿದೆ ರೀ ಎಂದು ಇವಳು ಅನ್ನಬಹುದಿತ್ತು. ಸರಿ ಮಾಡಿಸಿದ್ದೀನಿ ಕಣೇ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಇವಳು ಅವರ ಮನಸ್ಸು ಕಾಯುವುದಕ್ಕೆ ಹಿಂದಕ್ಕೆ ವಾಲಿದಳು, ಅವರು ಇವಳ ಮನಸ್ಸು ಕಾಯುವುದಕ್ಕೆ ಅಲ್ಲಾಡಬೇಡ ಎಂದಷ್ಟೇ ಹೇಳಿ ಸುಮ್ಮನಾದರು, ಮಧ್ಯೆ ಒಂದು ಮುಖ ಹೋಯಿತು. ಮನೆಗೆ ಬಂದು ಹೊಲಿಗೆ ಯಂತ್ರ ತುಳಿದೆ, ಸೂಜಿ ಮುರಿಯಿತು, ಇನ್ನೊಂದು ಹಾಕಿ ತುಳಿದೆ. ಸಿಟ್ಟೂ ಉಳಿಯಲಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಆ ಜೋಮೇ ಬಂತು.

ಅಕ್ಕ ಒಂದು ಫೋಟೊ ಆರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿದಳು. ಮೈದುನ ಅದನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಅತ್ತಿಗೆ, ಇದ್ರಲ್ಲಿ ಅಣ್ಣನ ಮುಖಾನೇ ಕಾಣ್ತಿಲ್ವಲ್ಲ."

"ಕೈ ಕಾಣತ್ತಲ್ಲ" ಎಂದಳು.

ಕೈ ಕಾಣುತ್ತಿತ್ತು. ಉಗುರಿನ ಸಂದಿಯ ಕಪ್ಪು, ಹೆಬ್ಬೆರಳಿನ ಮೇಲೆ ಸ್ಕ್ರೂಡ್ರೈವರ್ ಜಾರಿದ ಹಳೆಯ ಗಾಯದ ಗುರುತು, ಎಲ್ಲ. ಅವನು ಫ್ರೇಮ್ ಹಾಕಿಸಿ ತಂದ. ಅಂಗಡಿಯಾಗಿದ್ದ ಕೋಣೆಯಲ್ಲಿ ಅದು ನೇತಾಡುತ್ತಿದೆ. ಬಂದವರು ನೋಡಿ, ಏನನ್ನಬೇಕೆಂದು ತಿಳಿಯದೆ, ಫ್ರೇಮ್ ಚೆನ್ನಾಗಿದೆ ಎನ್ನುತ್ತಾರೆ.

ತಂಡ ಹೊಸ ನಾಟಕ ಹಿಡಿದಾಗ ನಿರ್ದೇಶಕರು ಅಕ್ಕನಿಗೆ ಹೇಳಿ ಕಳಿಸಿದರು. ಹೋದಳು. ಮೊದಲಿನ ಹಾಗೇ ಬರಿಗಾಲಲ್ಲಿ ರಂಗದ ಅಂಚಿನಲ್ಲಿ ಕೂತು ತೆಗೆದಳು. ಮನೆಗೆ ಬಂದು ತೊಳೆದರೆ ಎಲ್ಲರ ಮುಖವೂ ಮಸುಕು. ಮುಂದೆ ಚಾಚಿದ ಕೈಗಳು, ಹಿಡಿದ ಕೋಲು, ಮೂಗಿನ ತುದಿ ಮಾತ್ರ ಚೊಕ್ಕ. ಮತ್ತೊಂದು ರೋಲು ತೆಗೆದಳು. ಅದೂ ಹಾಗೇ.

ಒಂದು ಮಧ್ಯಾಹ್ನ ತಾಲೀಮಿಗೆ ಮುಂಚೆ ನಾನು ಬಟ್ಟೆ ಮಡಚುತ್ತಿದ್ದ ಕಡೆ ಬಂದು ನಿಂತಳು. "ಬೆನ್ನು ಕೇಳ್ತಿಲ್ಲ ಕಣೇ. ವಾಲ್ಬಾರ್ದು ಅಂತ ಗೊತ್ತು. ಆದ್ರೂ ಒತ್ತೋ ಹೊತ್ತಿಗೆ ತಾನೇ ವಾಲತ್ತೆ. ನೀನು ಹಿಂದೆ ಕೂತು ಹಿಡ್ಕೋತೀಯಾ?"

"ನಾಳೆ ತಲೇನೂ ಹಿಡ್ಕೊ ಅಂತೀಯ" ಎಂದೆ. ಆದರೂ ಕತ್ತರಿ ಇಟ್ಟು ಹೋದೆ.

ರಂಗದ ಮೇಲೆ ಒಬ್ಬ ನಟ ಸ್ಟೂಲಿನಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಎಲ್ಲಿಗೋ ಹೊರಟವನ ದೃಶ್ಯ. ಮಾತಿಲ್ಲ, ಒಂದೇ ಬಲ್ಬು. ಅಕ್ಕ ಅವನ ಎದುರು ಮಂಡಿಯೂರಿದಳು. ನಾನು ಅವಳ ಹಿಂದೆ ಕೂತು ಎರಡು ಭುಜದ ನಡುವೆ ಅಂಗೈ ಇಟ್ಟೆ. ಬಟ್ಟೆಯ ಮೇಲಿನಿಂದಲೇ ಮೂಳೆ ಕೈಗೆ ಸಿಕ್ಕಿತು. ಅಷ್ಟು ಇಳಿದುಹೋಗಿದ್ದಳು, ನಾನು ನೋಡಿಯೇ ಇರಲಿಲ್ಲ. ಅವಳು ಕ್ಯಾಮೆರಾ ಎತ್ತಿದಳು, ಉಂಗುರ ತಿರುಗಿಸಿದಳು. ಉಸಿರು ಎಳೆದುಕೊಂಡಳು. ಬೆನ್ನು ನನ್ನ ಅಂಗೈಗೆ ಬಂದು ಒರಗಿತು. ನಾನು ಬಿಗಿಹಿಡಿದೆ. ಬೆನ್ನು ಒತ್ತಿತು. ನಾನೂ ಒತ್ತಿದೆ.

"ಅಲ್ಲಾಡ್ಬೇಡ" ಎಂದೆ.

ಯೋಚಿಸಿ ಅಂದ ಮಾತಲ್ಲ, ಬಾಯಿಗೆ ಬಂತು. ಬೆನ್ನು ಅಲ್ಲೇ ನಿಂತಿತು. ಕ್ಯಾಮೆರಾ ಕಣ್ಣಿನಿಂದ ಇಳಿಯಲಿಲ್ಲ, ಸದ್ದೂ ಆಗಲಿಲ್ಲ. ಆಮೇಲೆ ನನ್ನ ಅಂಗೈಯ ಕೆಳಗೆ ಅವಳ ಬೆನ್ನು ನಡುಗಲು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ತಡೆಯುವುದಕ್ಕಾಗದಷ್ಟು. ನಟ ಒಂದು ಬೂಟು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ. ಯಾರಿಗೂ ಗೊತ್ತಾಗಲಿಲ್ಲ, ಅವಳು ಅಳುವುದೂ ಬೆಕ್ಕಿನ ಹಾಗೇ, ಸದ್ದಿಲ್ಲದೆ. ನಾನು ಕೈ ತೆಗೆಯಲಿಲ್ಲ.